ಒಬ್ಬರೇ ಕೂತು ಫೋನ್ ಹಿಡಿಯಬೇಡಿ: ಓರಗೆಯವರಿಗೆ ಕಿವಿಮಾತು

ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟ್ರಂಕ್ ಕಾಲ್ ಕೊಡುತ್ತಿದ್ದವಳು ನಾನು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆ ಕರೆಗಳು; ಲೈಟ್ನಿಂಗಿಗೆ ಎಂಟು ಪಟ್ಟು ದುಡ್ಡು. ಬೀದಿಗೊಂದೇ ಫೋನಿದ್ದು, ಪಕ್ಕದ ಮನೆಯವರದನ್ನೇ ಪಿ.ಪಿ. ನಂಬರು ಎಂದು ಎಲ್ಲರಿಗೂ ಕೊಡುತ್ತಿದ್ದ ಕಾಲ. ಈಗ ನನ್ನ ಓರಗೆಯವರ ಕೈಯಲ್ಲೆಲ್ಲ ಒಂದೊಂದು ಫೋನಿದೆ. ಅದನ್ನು ಮುಟ್ಟಬೇಡಿ ಎನ್ನುವ ಪೈಕಿ ನಾನಲ್ಲ. ಬಳಸಿ, ಚೆನ್ನಾಗಿ ಬಳಸಿ, ಆದರೆ ಒಬ್ಬರೇ ಬಳಸಬೇಡಿ. ಮೋಸದ ಕರೆಯಾಗಲಿ, ಸುಳ್ಳು ಮದ್ದಾಗಲಿ, ನಡುರಾತ್ರಿಯವರೆಗೆ ರೀಲ್ಸ್ ನೋಡುವ ಚಟವಾಗಲಿ, ಇವೆಲ್ಲ ಹುಡುಕಿಕೊಂಡು ಬರುವುದು ಬಾಗಿಲು ಹಾಕಿಕೊಂಡು ಒಬ್ಬರೇ ಕೂತವರನ್ನು. ಕೆಳಗಿನ ಮಾತುಗಳನ್ನೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

• "ಈ ವಯಸ್ಸಲ್ಲಿ ನಮಗೆ ಇದೆಲ್ಲ ಯಾಕೆ" ಅನ್ನುವುದನ್ನು ಮೊದಲು ಬಿಡಿ. ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್ಲು, ರೈಲು ಟಿಕೆಟ್ಟು, ಪಿಂಚಣಿ ಜಮಾ ಆಯಿತೋ ಇಲ್ಲವೋ ನೋಡುವುದು, ಎಲ್ಲ ಫೋನಿಗೇ ಬಂದು ಕೂತಿದೆ. ಪ್ರತಿಯೊಂದಕ್ಕೂ ಮಗನ ಬಿಡುವು ಕಾಯುತ್ತಾ ಕೂತರೆ ಅವನಿಗೂ ಬೇಜಾರು, ನಮಗೂ ಮುಜುಗರ.

ಮನಸ್ಸಿಗೂ ಇದರಿಂದ ಲಾಭವಿದೆ ಎಂದು ತೋರಿಸುವ ಅಧ್ಯಯನಗಳಿವೆ. ಅಮೆರಿಕದಲ್ಲಿ ಶೀಲಾ ಕಾಟನ್ ಮತ್ತು ಜೊತೆಗಾರರು ಅಲ್ಲಿನ ನಿವೃತ್ತರ ಮಾಹಿತಿ ಹಿಡಿದು 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂಟರ್ನೆಟ್ ಬಳಸುವವರಲ್ಲಿ ಖಿನ್ನತೆಯ ಸಂಭವ ಸುಮಾರು ಶೇ. 33ರಷ್ಟು ಕಡಿಮೆ ಕಂಡಿತು. ಒಂಟಿಯಾಗಿ ವಾಸಿಸುವವರಿಗೆ ಅನುಕೂಲ ಇನ್ನೂ ಹೆಚ್ಚು. 2025ರಲ್ಲಿ 50 ದಾಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ 57 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಫೋನು ಕಂಪ್ಯೂಟರ್ ಬಳಸುವವರಲ್ಲಿ ಮರೆವು, ಬುದ್ಧಿ ಮಂಕಾಗುವುದು ಕಡಿಮೆ ಇದ್ದದ್ದು ಕಾಣಿಸಿತು. ಬಳಸಿದ್ದರಿಂದ ಚುರುಕಾದರೋ, ಚುರುಕಾಗಿದ್ದವರೇ ಬಳಸಿದರೋ, ಅದನ್ನು ಇಂಥ ಲೆಕ್ಕ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಕಲಿತರೆ ಕೆಡುಕಿಲ್ಲ ಎನ್ನುವಷ್ಟಕ್ಕೆ ಧೈರ್ಯ ಸಾಕು.

• ಕಲಿಯುವುದನ್ನು ಸಾಧ್ಯವಾದಷ್ಟೂ ಮಕ್ಕಳ ಹತ್ತಿರ ಇಟ್ಟುಕೊಳ್ಳಬೇಡಿ. ಅವರಿಗೆ ಪುರುಸೊತ್ತಿಲ್ಲ. ಫೋನ್ ಕಿತ್ತುಕೊಂಡು ಟಕಟಕ ಎಂದು ನಾಲ್ಕು ಕಡೆ ಒತ್ತಿ "ಆಯ್ತು, ತಗೋಮ್ಮ" ಎಂದು ಕೊಟ್ಟುಬಿಡುತ್ತಾರೆ. ಕೆಲಸವೇನೋ ಆಗುತ್ತದೆ, ನಾವು ಕಲಿತದ್ದು ಸೊನ್ನೆ. ವಾಕಿಂಗಿಗೆ ಬರುವವರಲ್ಲಿ, ಭಜನಾ ಮಂಡಳಿಯಲ್ಲಿ, ನಿವೃತ್ತರ ಸಂಘದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿರುವವರು ಇದ್ದೇ ಇರುತ್ತಾರೆ, ಅವರನ್ನು ಹಿಡಿಯಿರಿ. ನಮಗೆ ಎಲ್ಲಿ ತಡವರಿಸುತ್ತದೆ ಎಂದು ಅವರಿಗೆ ಗೊತ್ತು, ಯಾಕೆಂದರೆ ಅವರೂ ಅಲ್ಲೇ ತಡವರಿಸಿದವರು.

ವಾರಕ್ಕೊಂದೇ ವಿಷಯ ಕಲಿಯಿರಿ. ಒಂದು ನೋಟ್‌ಬುಕ್ ಇಟ್ಟು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ: "ಹಸಿರು ಬಣ್ಣದ್ದು ಒತ್ತು, ಮೇಲ್ಗಡೆ ಮೂರು ಚುಕ್ಕಿ ಒತ್ತು, ಕೆಳಗಿಂದ ಎರಡನೆಯದು." ಪಿನ್ನು ಪಾಸ್‌ವರ್ಡು ಮಾತ್ರ ಆ ನೋಟ್‌ಬುಕ್ಕಿನಲ್ಲಿ ಬೇಡ. ಮೊಮ್ಮಕ್ಕಳೇ ಗುರುಗಳಾದರೆ ಒಂದು ಷರತ್ತು ಹಾಕಿ: ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಲ್ಲೇ ಹೇಳಬೇಕು, ಒತ್ತುವುದು ನಮ್ಮ ಬೆರಳು.

• ಫೋನಿನ ಮೇಲೆ ಸಿಟ್ಟಾಗುವ ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ. "ಏನೂ ಕಾಣಲ್ಲ, ಏನೂ ಕೇಳಲ್ಲ, ಈ ಫೋನೇ ಸರಿ ಇಲ್ಲ" ಎನ್ನುವವರಲ್ಲಿ ಅರ್ಧ ಜನಕ್ಕೆ ಪೊರೆ ಬಂದಿರುತ್ತದೆ, ಇಲ್ಲವೇ ಕಿವಿ ಮಂದವಾಗಿರುತ್ತದೆ. ಇದು ಫೋನಿನ ಮಾತಷ್ಟೇ ಅಲ್ಲ. ಮರೆವಿನ ಕಾಯಿಲೆಗೆ ದಾರಿ ಮಾಡುವ, ನಾವು ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದಾಗ, ಕಿವಿ ಮಂದವಾಗುವುದು, ಕಣ್ಣಿನ ದೋಷ ಸರಿಪಡಿಸಿಕೊಳ್ಳದೆ ಬಿಡುವುದು, ಜನರ ಒಡನಾಟ ಕಡಿಮೆಯಾಗುವುದು, ಮೂರೂ ಅದರಲ್ಲಿದ್ದವು. ಮೂರಕ್ಕೂ ಒಂದಕ್ಕೊಂದು ನಂಟು. ಕಿವಿ ಕೇಳದವರು "ಆಂ? ಏನು?" ಅನ್ನಲು ನಾಚಿಕೊಂಡು ಫೋನ್ ಎತ್ತುವುದು ಬಿಡುತ್ತಾರೆ, ಆಮೇಲೆ ಮದುವೆ ಮುಂಜಿಗೆ ಹೋಗುವುದೂ ನಿಲ್ಲುತ್ತದೆ. ಕನ್ನಡಕ ಹಾಕಲು ನಾಚದವರು ಕಿವಿಯ ಯಂತ್ರಕ್ಕೆ ಮಾತ್ರ ನಾಚುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

• ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಳ್ಳಿ. ಭಾಷೆಯನ್ನೂ ಕನ್ನಡಕ್ಕೆ ಬದಲಾಯಿಸಬಹುದು. ಟೈಪ್ ಮಾಡಲು ಬೆರಳು ನಡುಗಿದರೆ ಕೀಬೋರ್ಡಿನಲ್ಲಿರುವ ಮೈಕ್ ಚಿತ್ರ ಒತ್ತಿ ಕನ್ನಡದಲ್ಲಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಾತನ್ನು ಒಂದೊಂದು ಸಲ ಏನೇನೋ ಮಾಡಿ ಬರೆಯುತ್ತದೆ. ಕಳಿಸುವ ಮೊದಲು ಓದಿ.

• ಬೆಳಗಿನ "ಶುಭೋದಯ" ಹೂವಿನ ಚಿತ್ರಗಳನ್ನು ಮಕ್ಕಳು ಆಡಿಕೊಂಡು ನಗುತ್ತಾರೆ. ನಗಲಿ. ನಮ್ಮ ವಯಸ್ಸಿನಲ್ಲಿ ಅದು ಹಾಜರಿ. ದುರ್ಗಿಗುಡಿಯ ಕಡೆ ಒಬ್ಬರೇ ಇರುವ ಗೆಳತಿಯ ಗುಲಾಬಿ ಹೂವು ಒಂಬತ್ತಾದರೂ ಬರಲಿಲ್ಲ ಎಂದರೆ ಯಾರಾದರೂ ಹೋಗಿ ಬಾಗಿಲು ತಟ್ಟಬೇಕು, ಅಷ್ಟೇ. ನಾಲ್ಕೈದು ಜನ ಸೇರಿ ಇಂಥದೊಂದು ಕಟ್ಟು ಮಾಡಿಕೊಳ್ಳಿ: ಬೆಳಿಗ್ಗೆ ಇಷ್ಟು ಗಂಟೆಯೊಳಗೆ ಎಲ್ಲರ ಹಾಜರಿ, ಬಾರದವರಿಗೆ ಫೋನು, ಎತ್ತದಿದ್ದರೆ ಹತ್ತಿರ ಇರುವವರು ಹೋಗಿ ನೋಡುವುದು. ಯಾರ ಮನೆಯ ಇನ್ನೊಂದು ಬೀಗದ ಕೈ ಯಾರ ಹತ್ತಿರ ಎಂಬುದೂ ತೀರ್ಮಾನವಾಗಿರಲಿ.

ಆದರೆ ಹೂವಿಗೇ ನಿಲ್ಲಿಸಬೇಡಿ. ದಿನಕ್ಕೆ ಒಬ್ಬರಿಗಾದರೂ ಫೋನ್ ಮಾಡಿ ಮಾತಾಡಿ. ನಮ್ಮ ಕೆಲಸದಲ್ಲಿ ಮುಖ ನೋಡುವಂತಿರಲಿಲ್ಲ, ದನಿಯಲ್ಲೇ ಎಲ್ಲ ತಿಳಿಯಬೇಕಿತ್ತು. ಅದರಿಂದ ಹೇಳುತ್ತೇನೆ, ಚಿತ್ರ ಸುಳ್ಳು ಹೇಳಬಹುದು, ದನಿ ಹೇಳುವುದು ಕಷ್ಟ. ಉಸಿರು ಕಟ್ಟುತ್ತಿದೆಯೋ, ಅತ್ತು ಎದ್ದಿದ್ದಾರೋ, ಎರಡು ದಿನದಿಂದ ಸರಿಯಾಗಿ ಉಂಡಿಲ್ಲವೋ, ಎರಡು ಮಾತಿನಲ್ಲಿ ಗೊತ್ತಾಗುತ್ತದೆ. ನಿನ್ನೆ ಸರಿಯಾಗಿ ಮಾತಾಡಿದವರ ನಾಲಿಗೆ ಇವತ್ತು ತೊದಲುತ್ತಿದ್ದರೆ, ಮಾತು ಕಲಸಿಹೋಗುತ್ತಿದ್ದರೆ "ನಿದ್ದೆ ಸಾಲದು ಅನ್ನಿಸುತ್ತೆ" ಎಂದು ಫೋನ್ ಇಡಬೇಡಿ. ಮುಖ ಒಂದು ಕಡೆ ಜೋಲಿದೆಯಾ, ಎರಡೂ ಕೈ ಸಮನಾಗಿ ಎತ್ತಲು ಬರುತ್ತದೆಯಾ ಎಂದು ಪಕ್ಕದವರಿಂದ ನೋಡಿಸಿ, 108ಕ್ಕೆ ಫೋನ್ ಮಾಡಿ. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು, ಸ್ಕ್ಯಾನೂ ಆಗಿರಬೇಕು. ಬೇಗ ಆದಷ್ಟೂ ಒಳ್ಳೆಯದು.

• ಆರೋಗ್ಯದ ಫಾರ್ವರ್ಡುಗಳ ವಿಷಯದಲ್ಲಿ ನಾನು ಸ್ವಲ್ಪ ಬಿರುಸು. ಹೃದಯಾಘಾತವಾದಾಗ ಜೋರಾಗಿ ಕೆಮ್ಮುತ್ತಿದ್ದರೆ ಬದುಕುತ್ತೀರಿ, ಲಕ್ವ ಹೊಡೆದವರ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಬೆಳ್ಳುಳ್ಳಿ ಶುಂಠಿ ನಿಂಬೆ ಕಷಾಯದಿಂದ ಹೃದಯದ ಬ್ಲಾಕ್ ಕರಗುತ್ತದೆ: ಈ ಮೂರೂ ವರ್ಷಾನುಗಟ್ಟಲೆಯಿಂದ ಊರೂರು ಸುತ್ತುತ್ತಿವೆ, ಮೂರನ್ನೂ ನಂಬಬೇಡಿ. ಮೊದಲೆರಡು ಆಸ್ಪತ್ರೆಗೆ ಓಡಬೇಕಾದ ಹೊತ್ತನ್ನು ಕೆಮ್ಮುವುದರಲ್ಲಿ, ಸೂಜಿ ಹುಡುಕುವುದರಲ್ಲಿ ಕಳೆಯುತ್ತವೆ. ಮೂರನೆಯದು ಮಾತ್ರೆ ಬಿಡಿಸುತ್ತದೆ, ಅದು ಇನ್ನೂ ಕೆಟ್ಟದ್ದು. ಕಷಾಯ ಬೇಕಾದರೆ ಕುಡಿಯಿರಿ, ರುಚಿಯಾಗಿಯೇ ಇರುತ್ತದೆ. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ಮಾತ್ರ ಯಾವ ವಿಡಿಯೊದ ಮಾತು ಕೇಳಿಯೂ ನಿಲ್ಲಿಸಬೇಡಿ, ಹೆಚ್ಚೂಕಡಿಮೆ ಮಾಡಬೇಡಿ.

ಈಗಂತೂ ಹೆಸರಾಂತ ಡಾಕ್ಟರುಗಳ ಮುಖಕ್ಕೆ ಬೇರೆ ದನಿ ಕೂಡಿಸಿ ಮಂಡಿನೋವಿನ ಎಣ್ಣೆ, ಸಕ್ಕರೆ ಕಾಯಿಲೆಯ ಪುಡಿ ಮಾರುವ ವಿಡಿಯೊಗಳು ಬರುತ್ತಿವೆ. ತುಟಿ ಸರಿಯಾಗಿಯೇ ಆಡುತ್ತದೆ, ಕನ್ನಡವೂ ಚೆನ್ನಾಗಿಯೇ ಇರುತ್ತದೆ. ನೋಡಿ ಕಂಡುಹಿಡಿಯುತ್ತೇವೆ ಎಂಬ ಜಂಬ ಬೇಡ. ಸುಲಭದ ದಾರಿ: ವಾಟ್ಸಾಪ್ ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದು "ಹಲವು ಬಾರಿ ಫಾರ್ವರ್ಡ್ ಆದದ್ದು" ಎಂದಿದ್ದರೆ ಅದು ಯಾರ ಸ್ವಂತ ಅನುಭವವೂ ಅಲ್ಲ ಎಂದು ತಿಳಿಯಿರಿ. ಮನಸ್ಸು ತಡೆಯದಿದ್ದರೆ ಮುಂದೆ ಹತ್ತು ಜನಕ್ಕೆ ಕಳಿಸುವ ಬದಲು ಒಬ್ಬರಿಗೆ ಕಳಿಸಿ: ನಿಮ್ಮನ್ನು ನೋಡುವ ಡಾಕ್ಟರಿಗೆ, ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ.

• ಸಣ್ಣಪುಟ್ಟದ್ದಕ್ಕೆ ಡಾಕ್ಟರನ್ನು ಫೋನಿನಲ್ಲೇ ಕೇಳಬಹುದು. ಕೇಂದ್ರ ಸರ್ಕಾರದ ಇ-ಸಂಜೀವನಿ ಎಂಬ ವ್ಯವಸ್ಥೆಯಲ್ಲಿ ವಿಡಿಯೊದಲ್ಲೇ ಡಾಕ್ಟರು ಮಾತಾಡಿ ಚೀಟಿ ಬರೆದುಕೊಡುತ್ತಾರೆ, ದುಡ್ಡಿಲ್ಲ. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಹಾಳೆ ಎದುರಿಗಿಟ್ಟುಕೊಂಡು ಕೂರಿ. ಎದೆನೋವು, ಉಸಿರಾಟದ ತೊಂದರೆ, ಬಿದ್ದು ಪೆಟ್ಟಾದದ್ದು, ಇವಕ್ಕೆಲ್ಲ ವಿಡಿಯೊ ಬೇಡವೇ ಬೇಡ, ಗಾಡಿ ಹತ್ತಿ.

• ಪಿಂಚಣಿದಾರರೇ, ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವ ಕಾಲ ಮುಗಿಯಿತು. ಅದನ್ನು ಡಿಜಿಟಲ್ ಆಗಿ ಕೊಡುವ ಜೀವನ್ ಪ್ರಮಾಣ್ ವ್ಯವಸ್ಥೆ ಶುರುವಾದದ್ದು 2014ರಲ್ಲಿ. ಮೊದಲು ಬೆರಳಚ್ಚು ಬೇಕಿತ್ತು, ಅಡುಗೆ ಮಾಡಿ ಪಾತ್ರೆ ತಿಕ್ಕಿ ಸವೆದ ನಮ್ಮ ಬೆರಳುಗಳನ್ನು ಆ ಯಂತ್ರ ಒಪ್ಪುತ್ತಿರಲಿಲ್ಲ. 2021ರಿಂದ ಫೋನಿಗೆ ಮುಖ ತೋರಿಸಿದರೆ ಸಾಕು. ಕೇಂದ್ರದ ಪಿಂಚಣಿಯವರಲ್ಲಿ 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಅದೂ ಆಗದಿದ್ದರೆ ಸಣ್ಣ ಶುಲ್ಕಕ್ಕೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಎಚ್ಚರ ಒಂದೇ: "ನಿಮ್ಮ ಲೈಫ್ ಸರ್ಟಿಫಿಕೇಟ್ ನಾವೇ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳಿ" ಎಂದು ಅದೇ ತಿಂಗಳಲ್ಲಿ ಕರೆಗಳೂ ಬರುತ್ತವೆ. ಪಿಂಚಣಿ ಕಚೇರಿ ಹಾಗೆ ಕೇಳುವುದಿಲ್ಲ.

• ಇನ್ನು ಮೋಸ. ಇಲ್ಲಿ ಸ್ವಲ್ಪ ನಿಂತು ಓದಿ.

"ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪ್ರಧಾನಿಯವರು 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಇದರ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ ಧ್ವನಿಮುದ್ರಣ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದ್ದೇ. ಆಟ ಹೀಗೆ ನಡೆಯುತ್ತದೆ. ಮೊದಲು ಒಂದು ಕರೆ: ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಕೊಟ್ಟು ಯಾರೋ ಸಿಮ್ ತೆಗೆದಿದ್ದಾರೆ, ಇನ್ನೆರಡು ಗಂಟೆಯಲ್ಲಿ ನಿಮ್ಮ ಫೋನ್ ಕಟ್ ಆಗುತ್ತದೆ, ಒಂಬತ್ತು ಒತ್ತಿ. ಒತ್ತಿದರೆ "ಮುಂಬೈ ಪೊಲೀಸ್" ಬರುತ್ತಾರೆ, ವಿಡಿಯೊದಲ್ಲಿ ಸಮವಸ್ತ್ರ, ಹಿಂದೆ ಗೋಡೆಯ ಮೇಲೆ ಲಾಂಛನ. ಆಮೇಲೆ "ಸಿಬಿಐ". ಆಮೇಲೆ ನಿಮ್ಮ ಹಣವನ್ನೆಲ್ಲ "ಪರಿಶೀಲನೆಗೆ" ಒಂದು ಖಾತೆಗೆ ಹಾಕಿ, ನಿರ್ದೋಷಿ ಎಂದಾದರೆ ವಾಪಸ್. ಅಷ್ಟು ಹೊತ್ತೂ ಒಂದು ಅಪ್ಪಣೆ ಮೇಲಿಂದ ಮೇಲೆ ಬರುತ್ತಿರುತ್ತದೆ: ಬಾಗಿಲು ಹಾಕಿ, ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ, ಮಗಳಿಗೆ ಹೇಳಿದರೆ ಅವಳೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾಳೆ.

ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿಡಿ. "ಯಾರಿಗೂ ಹೇಳಬೇಡಿ" ಎಂದ ಕೂಡಲೇ ಅದು ಮೋಸ. ಬೇರೆ ಸಾಕ್ಷಿ ಬೇಕಿಲ್ಲ. ಇಲಾಖೆಯಲ್ಲಿ ಅಷ್ಟು ವರ್ಷ ದುಡಿದವಳು ಹೇಳುತ್ತಿದ್ದೇನೆ, ಫೋನ್ ಕಟ್ ಮಾಡುವವರು ಮೊದಲು ಫೋನ್ ಮಾಡಿ ಹೆದರಿಸಿ ಒಂಬತ್ತು ಒತ್ತಿಸುವುದಿಲ್ಲ. ಕರೆ ಕಟ್ ಮಾಡಿ. ಎದ್ದು ಮುಂಬಾಗಿಲು ತೆಗೆಯಿರಿ. ಪಕ್ಕದ ಮನೆಯವರನ್ನು ಕೂಗಿ. ಆ ಕಳ್ಳರ ವಿದ್ಯೆಯೆಲ್ಲ ನಡೆಯುವುದು ಕೋಣೆಯಲ್ಲಿ ಎರಡನೆಯ ಮನುಷ್ಯ ಇಲ್ಲದಿದ್ದಾಗ ಮಾತ್ರ.

• ಹಣ ಹೋಯಿತೆಂದರೆ ಅಳುವುದು ಆಮೇಲೆ, ಮೊದಲು 1930. ಇದು ದೇಶದ ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದರೆ ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ದಾರಿಯಲ್ಲೇ ತಡೆಯುವ ಅವಕಾಶವಿದೆ, ಅದಕ್ಕೇ ಮೊದಲ ಒಂದು ಗಂಟೆಗೆ ಅಷ್ಟು ಬೆಲೆ. ಜೊತೆಗೆ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆಯಿಲ್ಲ. ನೀವೇ ಒಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹೇಗೆ ನೋಡಿದರೂ ಮಕ್ಕಳು ಬೈಯುತ್ತಾರೆಂದು ಮುಚ್ಚಿಟ್ಟುಕೊಂಡ ಪ್ರತಿ ಗಂಟೆಗೂ ದುಡ್ಡಿನ ಲೆಕ್ಕವಿದೆ.

• ಉಳಿದ ಮೋಸಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹಣ ಬರಲು ಯುಪಿಐ ಪಿನ್ ಬೇಡ, ಹೋಗಲು ಮಾತ್ರ ಬೇಕು. ವಾಟ್ಸಾಪಿನಲ್ಲಿ ಬಂದ ಮದುವೆ ಕರೆಯೋಲೆಯೋ, ಗಾಡಿ ದಂಡದ ಚಲನ್ನೋ "ಎಪಿಕೆ" ಎಂಬ ಬಾಲ ಹೊತ್ತು ಬಂದಿದ್ದರೆ ಮುಟ್ಟಬೇಡಿ. ಕರೆಯೋಲೆಗೆ ಆ ಬಾಲ ಇರುವುದಿಲ್ಲ. ನಿಮ್ಮ ಫೋನಿನ ಪರದೆ ಅವರಿಗೆ ಕಾಣುವಂತೆ ಮಾಡುವ ಆ್ಯಪ್ ಹಾಕಿಸಿಕೊಳ್ಳಲು ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಎಟಿಎಂ ಕಾರ್ಡಿನ ಬೆನ್ನ ಮೇಲೆ ಅಚ್ಚಾಗಿರುತ್ತದೆ. ಬ್ಯಾಂಕುಗಳ ಜಾಲತಾಣದ ವಿಳಾಸ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ ಅಂತ್ಯದ ಗಡುವು ಕೊಟ್ಟಿತ್ತು, ಅದನ್ನು ನೋಡಿಕೊಳ್ಳಿ. ಷೇರಿನಲ್ಲಿ ತಿಂಗಳಿಗೆ ದುಪ್ಪಟ್ಟು ಮಾಡಿಕೊಡುವ ವಾಟ್ಸಾಪ್ ಗುಂಪುಗಳ ಬಗ್ಗೆ ಹೇಳುವುದಕ್ಕೇನೂ ಇಲ್ಲ, ಹೊರಗೆ ಬನ್ನಿ.

• ಎರಡು ಖಾತೆ ಇಟ್ಟುಕೊಳ್ಳಿ. ಪಿಂಚಣಿ, ಠೇವಣಿ ಇರುವ ಖಾತೆಗೆ ಯುಪಿಐ ಜೋಡಿಸಬೇಡಿ. ಇನ್ನೊಂದು ಸಣ್ಣ ಖಾತೆಯಲ್ಲಿ ತಿಂಗಳಿಗೆ ತರಕಾರಿ, ಹಾಲು, ಆಟೋಗೆ ಬೇಕಾದಷ್ಟು ಹಾಕಿ ಅದನ್ನು ಮಾತ್ರ ಫೋನಿಗೆ ಜೋಡಿಸಿ. ಕಳ್ಳ ಬಂದರೂ ತರಕಾರಿ ದುಡ್ಡಿಗಷ್ಟೇ ಕೈ ಹಾಕಬೇಕು. ನೆಟ್ ಬ್ಯಾಂಕಿಂಗ್ ಬಳಸದಿದ್ದರೆ ಬ್ಯಾಂಕಿಗೆ ಬರೆದುಕೊಟ್ಟು ನಿಲ್ಲಿಸಿಬಿಡಿ, ಠೇವಣಿಯನ್ನು ಆನ್‌ಲೈನಿನಲ್ಲಿ ಮುರಿಯಲು ಆಗಬಾರದು.

• ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. ಈಗ ಮೊಮ್ಮಗನ ದನಿಯನ್ನೇ ನಕಲು ಮಾಡಿ "ಅಜ್ಜೀ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಹಾಕು" ಎನ್ನಿಸಬಹುದು. ದನಿ ಸುಳ್ಳು ಹೇಳುವುದು ಕಷ್ಟ ಎಂದು ಮೇಲೆ ಬರೆದೆನಲ್ಲ, ಅದು ಮನುಷ್ಯರ ದನಿಯ ಮಾತು. ಗುಟ್ಟಿನ ಮಾತು ಕೇಳಿ. ನಾಯಿಯ ಅಡ್ಡಹೆಸರೋ, ಹಳೆಯ ಮನೆಯ ಹಿತ್ತಲಲ್ಲಿದ್ದ ಮರವೋ, ಯಾವುದೋ ಒಂದು. ಅದನ್ನು ಫ್ಯಾಮಿಲಿ ಗ್ರೂಪಿನಲ್ಲಿ ಬರೆಯಬೇಡಿ, ಎದುರಿಗೆ ಕೂತು ಹೇಳಿಕೊಳ್ಳಿ.

• ಫ್ಯಾಮಿಲಿ ಗ್ರೂಪಿನಲ್ಲಿ ರಾಜಕೀಯ ಬೇಡ. ಇಷ್ಟೇ.

• ರಾತ್ರಿ ಚಾರ್ಜರನ್ನು ನಡುಮನೆಯಲ್ಲಿಡಿ, ತಲೆದಿಂಬಿನ ಪಕ್ಕ ಬೇಡ. ಒಬ್ಬರೇ ಇರುವವರು ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದೀತು, ಆಗ ನೆಟ್ ಆಫ್ ಮಾಡಿ ಇಡಿ, ಕರೆ ಬರುತ್ತದೆ, ರೀಲ್ಸ್ ಬರುವುದಿಲ್ಲ. ನಿದ್ದೆ ಬರಲಿಲ್ಲವೆಂದು ಫೋನ್ ನೋಡುವುದು, ಫೋನ್ ನೋಡಿ ನಿದ್ದೆ ಬಾರದಿರುವುದು, ಈ ಗಾಣಕ್ಕೆ ಸಿಕ್ಕಿದ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಹಗಲಲ್ಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ, ಕಣ್ಣು ಮಿಟುಕಿಸಿ. ನಡೆಯುತ್ತಾ, ಮೆಟ್ಟಿಲಿಳಿಯುತ್ತಾ ಫೋನ್ ನೋಡಬೇಡಿ. ಸೊಂಟದ ಮೂಳೆ ಮುರಿದುಕೊಂಡು ಮಲಗಿದವರನ್ನು ಕೇಳಿ, ಆ ಮೆಸೇಜು ಅಷ್ಟೇನೂ ಅರ್ಜೆಂಟ್ ಇರಲಿಲ್ಲ ಎನ್ನುತ್ತಾರೆ. ಅಂದ ಹಾಗೆ ಹೊಸ ಫೋನುಗಳಲ್ಲಿ ಪವರ್ ಬಟನ್ನನ್ನು ಐದು ಸಲ ಬೇಗಬೇಗ ಒತ್ತಿದರೆ ತುರ್ತು ಕರೆ ಹೋಗುವಂತೆ ಮಾಡಿಡಬಹುದು. ಇದನ್ನು ಮೊಮ್ಮಕ್ಕಳಿಂದ ಇವತ್ತೇ ಮಾಡಿಸಿಕೊಳ್ಳಿ.

• ಹೊರದೇಶದಲ್ಲಿರುವ ಮಕ್ಕಳ ಜೊತೆ ವಿಡಿಯೊ ಕಾಲ್ ಎಂದರೆ "ಊಟ ಆಯ್ತಾ, ನಿದ್ದೆ ಬಂತಾ, ಅಲ್ಲಿ ಚಳಿಯಾ" ಎಂಬಲ್ಲಿಗೆ ಮುಗಿಯುತ್ತದೆ. ಎರಡೂ ಕಡೆಯವರು ಪರದೆ ನೋಡುತ್ತಾ ಸುಮ್ಮನೆ ಕೂರುತ್ತಾರೆ. ಜೊತೆಯಲ್ಲಿ ಏನಾದರೂ ಕೆಲಸ ಮಾಡಿ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ನೀವು ಇಲ್ಲಿ ಹುಳಿಪುಡಿ ಹುರಿಯಿರಿ, ಮಗಳು ಅಲ್ಲಿ ಹುರಿಯಲಿ. ಕೊತ್ತಂಬರಿ ಬೀಜ ಎಷ್ಟು ಕೆಂಪಾಗಬೇಕು ಎಂಬ ಜಗಳದಲ್ಲೇ ಅರ್ಧ ಗಂಟೆ ಹೋಗುತ್ತದೆ. ಕನ್ನಡ ತಡವರಿಸುವ ಮೊಮ್ಮಗುವಿಗೆ ಒಂದು ಕಥೆಯ ಪುಸ್ತಕ ಕಳಿಸಿ, ನಿಮ್ಮ ಹತ್ತಿರವೂ ಅದರದೇ ಇನ್ನೊಂದು ಪ್ರತಿ ಇರಲಿ. ಒಂದು ಪುಟ ನೀವು, ಒಂದು ಪುಟ ಅದು. ಹೊತ್ತು ಗೊತ್ತುಮಾಡಿಕೊಳ್ಳಿ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ; ಗಡಿಯಾರ ಬದಲಾದ ವಾರ "ಯಾಕೆ ಫೋನ್ ಮಾಡಲಿಲ್ಲ" ಎಂದು ಮುನಿಸಿಕೊಳ್ಳಬೇಡಿ.

• ಮಕ್ಕಳ ಮನೆಗೆ ಆರು ತಿಂಗಳು ಹೋಗುವವರು ಹೊರಡುವ ಮೊದಲು ಇಲ್ಲಿನ ಸಿಮ್ಮಿಗೆ ಬೇಕಾದ ರೀಚಾರ್ಜ್ ಮಾಡಿಸಿ, ಅಲ್ಲಿ ಮೆಸೇಜು ಬರುವಂತೆ ರೋಮಿಂಗ್ ಹಾಕಿಸಿ. ತೊಂಬತ್ತು ದಿನ ಬಳಕೆಯೇ ಇಲ್ಲದ ನಂಬರು ರದ್ದಾಗಿ ಬೇರೆಯವರ ಪಾಲಾಗಬಹುದು. ಬ್ಯಾಂಕು, ಆಧಾರ್, ಪಿಂಚಣಿ ಎಲ್ಲದರ ಒಟಿಪಿಯೂ ಅದೇ ನಂಬರಿಗೆ ಬರುವುದು.

• ಹೆಂಗಸರಿಗೆ ಒಂದು ಮಾತು. ಫೋನು ಇದೆ, ಆದರೆ ಸಿಮ್ ಯಜಮಾನರ ಹೆಸರಲ್ಲಿ, ಖಾತೆಗೆ ಅವರ ನಂಬರು, ಪಿನ್ ಅವರ ತಲೆಯಲ್ಲಿ. ಅವರು ಹೋದ ಮೇಲೆ ಹದಿಮೂರು ದಿನ ಮುಗಿಯುವ ಮೊದಲೇ ಗೊತ್ತಾಗುತ್ತದೆ, ನಮಗೆ ಏನೂ ಗೊತ್ತಿಲ್ಲ ಎಂದು. ನಿಮ್ಮ ಹೆಸರಲ್ಲೊಂದು ಸಿಮ್, ನಿಮ್ಮದೇ ಖಾತೆ, ಅದಕ್ಕೆ ನಿಮ್ಮದೇ ನಂಬರು ಇರಲಿ. ಎಲ್ಲ ಖಾತೆಗೂ ನಾಮಿನಿ ಇದೆಯೇ ಎಂದು ಇಬ್ಬರೂ ಕೂತು ನೋಡಿ. ಅಪಶಕುನದ ಮಾತು ಎಂದು ಮುಂದೂಡಬೇಡಿ. ಅವರು ಮುನಿಸಿಕೊಂಡರೆ, ಮೊದಲು ನಾನೇ ಹೋದರೆ ನಿಮಗೆ ಕುಕ್ಕರ್ ಹಚ್ಚಲು ಬರುತ್ತದೆಯಾ ಎಂದು ಕೇಳಿ, ಅದನ್ನೂ ಕಲಿಸಿ.

• ಫೋನಿನಲ್ಲಿ ಎಷ್ಟೇ ಜನರಿದ್ದರೂ ಒಂಟಿತನ ಹೋಗದೆ ಇರಬಹುದು. ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಮನೆಗಳಿಗೆ ಹೊಸದಾಗಿ ಇಂಟರ್ನೆಟ್ ಕೊಟ್ಟು ನೋಡಿದ ರಾಬರ್ಟ್ ಕ್ರೌಟ್ ತಂಡ 1998ರಲ್ಲಿ, ಹೆಚ್ಚು ಬಳಸಿದವರಲ್ಲಿ ಒಂಟಿತನ ತುಸು ಹೆಚ್ಚಿತೆಂದು ಬರೆಯಿತು. ಕೆಲವು ವರ್ಷ ಬಿಟ್ಟು ಅದೇ ಮಂದಿಯನ್ನು ಮತ್ತೆ ನೋಡಿದಾಗ ಆ ಕೆಡುಕು ಬಹುಪಾಲು ಅಳಿದಿತ್ತು. ಬೇರೆ ಜನರನ್ನು ಹಿಡಿದು ಅದೇ ತಂಡ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಮೊದಲೇ ಜನರ ನಂಟಿದ್ದವರಿಗೆ ಇಂಟರ್ನೆಟ್ಟಿನಿಂದ ಒಳ್ಳೆಯದೇ ಆಗಿತ್ತು, ನಂಟು ಕಡಿಮೆ ಇದ್ದವರಿಗೆ ಅಷ್ಟು ಒಳ್ಳೆಯದಾಗಿರಲಿಲ್ಲ. ಹಾಗಾಗಿ ಫೋನಿನ ಹೊರಗಿನ ನಂಟು ಗಟ್ಟಿ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಮೂವತ್ತು ವರ್ಷದ ಹಿಂದಿನ ಸಹೋದ್ಯೋಗಿ ಸಿಕ್ಕರೆ "ಹಾಯ್, ಹೇಗಿದ್ದೀರಿ" ಎಂದು ನಿಲ್ಲಿಸಬೇಡಿ, ಎಂದು ಬರಲಿ ಎಂದು ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. 60 ದಾಟಿದ ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ. ತೀರ್ಥಹಳ್ಳಿಗೆ, ಸಾಗರಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಸಂಘದ ಕಾರ್ಯಕ್ರಮವೋ ನಾಟಕವೋ ಇದ್ದರೆ ಗ್ರೂಪಿನಲ್ಲಿ ಸುದ್ದಿ ಹಾಕಿ, ಗೋಪಿ ಸರ್ಕಲ್ಲಿನಲ್ಲಿ ಸೇರಿ ಒಟ್ಟಿಗೆ ಹೋಗಿ.

• ಬೇಸರ ತಿಂಗಳುಗಟ್ಟಲೆ ಹಿಡಿದು ಕೂತರೆ, ಊಟ ನಿದ್ದೆ ಬೇಡವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಪಿಂಚಣಿ, ಆಸ್ತಿ, ಮನೆಯವರ ಕಿರುಕುಳ, ಇಂಥದ್ದಕ್ಕೆ ಹಿರಿಯರ ಸಹಾಯವಾಣಿ 14567. ಇವೆರಡನ್ನೂ 1930, 108, ತುರ್ತು ಸಹಾಯದ 112ರ ಜೊತೆಗೆ ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಪಕ್ಕದ ಮನೆಯವರ ನಂಬರೂ ಅದರಲ್ಲಿರಲಿ, ಅದನ್ನು ಬಾಯಿಪಾಠವನ್ನೂ ಮಾಡಿ. ನನಗೆ ಒಂದು ಕಾಲದಲ್ಲಿ ಊರಿನ ಅರ್ಧ ನಂಬರು ಬಾಯಲ್ಲಿತ್ತು, ಈಗ ಮಗಳದ್ದನ್ನೂ ಫೋನೇ ನೆನಪಿಟ್ಟುಕೊಳ್ಳುತ್ತದೆ.

• ಇದನ್ನು ಮಕ್ಕಳು ಓದುತ್ತಿದ್ದರೆ ನಿಮಗೂ ಎರಡು ಮಾತು. ಅಪ್ಪ ಅಮ್ಮ ದುಡ್ಡು ಕಳೆದುಕೊಂಡರೆ ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಹೇಳುವುದೇ ಇಲ್ಲ, ಆ ಕಳ್ಳನಿಗೆ ಬೇಕಾದದ್ದೂ ಅದೇ. ಇನ್ನೊಂದು, ಹುಟ್ಟುಹಬ್ಬ ಬಂತೆಂದು ಅಮ್ಮನಿಗೆ ಹೊಸ ಫೋನ್ ಕಳಿಸಬೇಡಿ. ಹಳೆಯದರಲ್ಲಿ ಯಾವ ಚಿತ್ರ ಎಲ್ಲಿದೆ ಎಂಬುದು ಅವಳ ಬೆರಳಿಗೆ ಕೂತಿದೆ. ಹೊಸದರಲ್ಲಿ ಹಸಿರು ಬಣ್ಣದ್ದು ಎಲ್ಲಿಗೋ ಹೋಗಿರುತ್ತದೆ, ಮೂರು ಚುಕ್ಕಿ ಇರುವುದೇ ಇಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದೆಲ್ಲ ವ್ಯರ್ಥ. ಕೊಡಿಸಲೇಬೇಕೆಂದಿದ್ದರೆ ಎರಡು ದಿನ ರಜೆ ಹಾಕಿ, ಫೋನಿನ ಜೊತೆ ನೀವೂ ಬನ್ನಿ.